ಇನ್ಸುಲಿನ್ ಕೊಟ್ಟ ಡಾಕ್ಟರ್ ಬ್ಯಾಂಟಿಂಗ್

ಮಕ್ಕಳೇ, ನವೆಂಬರ್ 14 ಅಂದ್ರೆ ನಿಮಗೆ ಮಕ್ಕಳ ದಿನಾಚರಣೆ ನೆನಪಾಗುತ್ತೆ ಅಲ್ವಾ? ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. ಏಕೆಂದರೆ ಅದು ಫ್ರೆಡ್ರಿಕ್ ಬ್ಯಾಂಟಿಂಗ್ ಅವರು ಹುಟ್ಟಿದ ದಿನ.

1891ರಲ್ಲಿ ಕೆನಡಾದ ಆಲಿಸ್ಟನ್‌ನಲ್ಲಿ ರೈತರ ಮನೆಯಲ್ಲಿ ಹುಟ್ಟಿದ ಇವರು ಡಾಕ್ಟರಾಗಿ ಮೊದಲನೇ ಮಹಾಯುದ್ಧಕ್ಕೆ ಹೋಗಿ ಗಾಯಗೊಂಡರು. ವಾಪಸ್ ಬಂದು ಕ್ಲಿನಿಕ್ ತೆರೆದರೆ ರೋಗಿಗಳು ಬೆರಳೆಣಿಕೆಯಷ್ಟೇ!

ಆಗೆಲ್ಲ ಸಕ್ಕರೆ ಕಾಯಿಲೆ ಬಂದ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ನಮ್ಮ ಮೇದೋಜೀರಕ ಗ್ರಂಥಿಯಲ್ಲಿ ಪುಟ್ಟ ದ್ವೀಪಗಳಂತಹ ಜೀವಕೋಶದ ಗುಂಪುಗಳಿವೆ. ಇನ್ಸುಲಿನ್ ತಯಾರಾಗುವುದು ಅಲ್ಲೇ. ಅದಿಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತಾ ಹೋಗುತ್ತೆ.

1921ರಲ್ಲಿ ಟೊರೊಂಟೊದಲ್ಲಿ ಪ್ರೊಫೆಸರ್ ಮೆಕ್ಲಿಯಡ್ ಕೊಟ್ಟ ಲ್ಯಾಬಿನಲ್ಲಿ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಆ ಗ್ರಂಥಿಯ ಸಾರ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇಂಜೆಕ್ಷನ್ ಕೊಟ್ಟರು. ಸಾರ ಶುದ್ಧವಾಗಿರಲಿಲ್ಲ, ಹೆಚ್ಚು ಫಲ ಸಿಗಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧ ಮಾಡಿದರು. 12 ದಿನ ಬಿಟ್ಟು ಮತ್ತೆ ಕೊಟ್ಟಾಗ ಸಕ್ಕರೆ ಇಳಿಯಿತು! ಹುಡುಗ ಇನ್ನೂ 13 ವರ್ಷ ಬದುಕಿದ.

ಪೇಟೆಂಟನ್ನು ತಲಾ 1 ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. 1923ರಲ್ಲಿ ಮೆಕ್ಲಿಯಡ್ ಜೊತೆ ನೊಬೆಲ್ ಬಂದಾಗ, ಬ್ಯಾಂಟಿಂಗ್ ತಮ್ಮ ಪಾಲಿನ ಅರ್ಧ ಹಣವನ್ನು ಬೆಸ್ಟ್‌ಗೆ ಹಂಚಿದರು. 1941ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಆಮೇಲೆ ಎಷ್ಟೋ ವರ್ಷ ಹಂದಿ, ದನಗಳ ಗ್ರಂಥಿಯಿಂದಲೇ ಇನ್ಸುಲಿನ್ ತೆಗೆಯುತ್ತಿದ್ದರು. ಹಂದಿಯ ಇನ್ಸುಲಿನ್‌ಗೂ ನಮ್ಮದಕ್ಕೂ ಒಂದೇ ಒಂದು ಅಮೈನೊ ಆಮ್ಲದ ವ್ಯತ್ಯಾಸ. ಹಾಗಾಗಿ ಹಂದಿಯ ಆ ‘ದ್ವೀಪ’ಗಳನ್ನೇ ರೋಗಿಗಳಿಗೆ ಕಸಿ ಮಾಡಲು ವಿಜ್ಞಾನಿಗಳು ಪ್ರಯತ್ನಿಸುತ್ತಿದ್ದಾರೆ.

ನಿಮ್ಮ ಕ್ಲಾಸಿನಲ್ಲಿ ಯಾರಾದರೂ ಊಟಕ್ಕೆ ಮುಂಚೆ ಇನ್ಸುಲಿನ್ ತಗೊಂಡರೆ ಅವರನ್ನು ಬಿಟ್ಟು ತಿನ್ನಬೇಡಿ, ಕಾಯ್ದು ಜೊತೆಗೇ ಊಟ ಮಾಡಿ.