ಚಾರ್ಲ್ಸ್ ಬಾಯ್ಕಾಟ್

ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ (1832–1897) ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಜನಿಸಿದನು. ಕೆಲಕಾಲ ಸೈನ್ಯದಲ್ಲಿದ್ದು, ಮುಂದೆ ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನುದಾರನ ಪಾರುಪತ್ಯಗಾರನಾದನು. 1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ಶೇಕಡಾ 25ರಷ್ಟು ಕಡಿತ ಬೇಡಿದರು. ಧಣಿ ಒಪ್ಪಿದ್ದು 10 ಮಾತ್ರ. ಬಾಯ್ಕಾಟ್ ಒಕ್ಕಲೆಬ್ಬಿಸಲು ಮುಂದಾದಾಗ ಊರಿಗೆ ಊರೇ ಅವನನ್ನು ದೂರವಿಟ್ಟಿತು. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಹೊರಗಿನಿಂದ ಬಂದ 50 ಮಂದಿ ಸುಮಾರು 1,000 ಸೈನಿಕರು ಮತ್ತು ಪೊಲೀಸರ ಕಾವಲಿನಲ್ಲಿ ಬೆಳೆ ಕೊಯ್ದರು. ಬೆಳೆಯ ಬೆಲೆಗಿಂತ ಕಾವಲಿನ ವೆಚ್ಚವೇ ಹಲವು ಪಟ್ಟು ಹೆಚ್ಚಾಯಿತು. ಡಿಸೆಂಬರಿನಲ್ಲಿ ಅವನು ಐರ್ಲೆಂಡ್ ತೊರೆಯುವಷ್ಟರಲ್ಲಿ ಅವನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿತ್ತು.

ಕನ್ನಡದಲ್ಲಿ ಇದಕ್ಕೆ ‘ಬಹಿಷ್ಕರಿಸು’ ಎನ್ನುತ್ತಾರೆ. ಕುಲದಿಂದ ಹೊರಹಾಕುವುದು ಆ ಪದದ ಹಳೆಯ ಬಳಕೆ. ಅಲ್ಲಿ ಪೆಟ್ಟು ಬೀಳುತ್ತಿದ್ದುದು ಹೆಚ್ಚಾಗಿ ದುರ್ಬಲರಿಗೆ. ಮೇಯೋದಲ್ಲಾದದ್ದು ಅದರ ತಿರುವುಮುರುವು. ರಸ್ತೆ, ಸೇತುವೆಗಾಗಿ ಮಲೆನಾಡಿನ ಹಳ್ಳಿಗಳು ಸಾರುವ ಮತದಾನ ಬಹಿಷ್ಕಾರದಲ್ಲಿರುವುದು ಈ ಹೊಸ ಅರ್ಥವೇ.