ಬೈಸಿಕಲ್ ಯಾತ್ರಿಕ ವೆಲೋಸಿಯೊ

ಫ್ರಾನ್ಸ್ ದೇಶದ ಸೇಂಟ್ ಎತಿಯೆನ್ ಪಟ್ಟಣವು ಹಿಂದೆ ಕಲ್ಲಿದ್ದಲಿಗೂ ರೇಷ್ಮೆಯ ಪಟ್ಟಿಗಳಿಗೂ ಬಂದೂಕುಗಳಿಗೂ ಹೆಸರಾದ ಊರು. ಊರಿನ ದಕ್ಷಿಣಕ್ಕೆ ಹೊರಟ ರಸ್ತೆ ಕಾಡಿನ ನಡುವೆ ಏರುತ್ತ ಹೋಗಿ 1161 ಮೀಟರು ಎತ್ತರದಲ್ಲಿ ರೆಪ್ಯುಬ್ಲಿಕ್ ಎಂಬ ಘಟ್ಟವನ್ನು ದಾಟುತ್ತದೆ. ಘಟ್ಟದ ಉತ್ತರಕ್ಕೆ ಬಿದ್ದ ಮಳೆ ಲ್ವಾರ್ ನದಿಯನ್ನು ಸೇರಿ ಅಟ್ಲಾಂಟಿಕ್ ಸಾಗರಕ್ಕೆ ಹೋಗುತ್ತದೆ. ದಕ್ಷಿಣಕ್ಕೆ ಬಿದ್ದದ್ದು ರೋನ್ ನದಿಯ ಪಾಲಾಗಿ ಮೆಡಿಟರೇನಿಯನ್ ಕಡಲನ್ನು ಮುಟ್ಟುತ್ತದೆ. ಈ ಘಟ್ಟವನ್ನು ಬೈಸಿಕಲ್ ತುಳಿಯುತ್ತಲೇ ಹತ್ತಿ ಇಳಿದು ಮುದುಕನಾದವನು ಪಾಲ್ ದ ವಿವಿ. ತನ್ನ ಬರಹಗಳಿಗೆ ಅವನು ಇಟ್ಟುಕೊಂಡ ಅಂಕಿತ ವೆಲೋಸಿಯೊ. ಇಂದು ಅವನ ನಿಜನಾಮಕ್ಕಿಂತ ಆ ಅಂಕಿತವೇ ಹೆಚ್ಚು ಪರಿಚಿತ.

ಅವನು ಹುಟ್ಟಿದ್ದು 1853ರಲ್ಲಿ, ಪ್ರೊವಾನ್ಸ್ ಸೀಮೆಯ ಪೆರ್ನ್ ಎಂಬ ಊರಿನಲ್ಲಿ. ಗ್ರೀಕ್ ಲ್ಯಾಟಿನ್ ಓದಿದ. ರೇಷ್ಮೆಯ ವ್ಯಾಪಾರಕ್ಕೆ ಇಳಿದ. 1881ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆ ಕಾಲದ ಎತ್ತರದ ಮುಂಗಾಲಿಯ ಬೈಸಿಕಲ್ಲನ್ನು ಕೊಂಡುಕೊಳ್ಳುವವರೆಗೆ ಅವನ ಬಾಳಿನಲ್ಲಿ ಹೇಳತಕ್ಕ ವಿಶೇಷವೇನೂ ಇರಲಿಲ್ಲ. ಆರು ಗಂಟೆಯಲ್ಲಿ 100 ಕಿಲೋಮೀಟರು ಹೋಗಬಲ್ಲೆಯಾ ಎಂದು ಗೆಳೆಯನೊಬ್ಬ ಪಂಥ ಕಟ್ಟಿದನಂತೆ. ಪಂಥದಿಂದ ಹಣವೆಷ್ಟು ಬಂತೋ, ಹುಚ್ಚಂತೂ ಹಿಡಿಯಿತು. ಕೆಲವೇ ವರ್ಷಗಳಲ್ಲಿ ರೇಷ್ಮೆಯ ವ್ಯಾಪಾರವನ್ನು ಮಾರಿ, ಇಂಗ್ಲೆಂಡಿನ ಕವೆಂಟ್ರಿಯಿಂದ ಬೈಸಿಕಲ್ಲುಗಳನ್ನು ತರಿಸಿ ಮಾರತೊಡಗಿದನು. 1887ರಲ್ಲಿ ಬೈಸಿಕಲ್ ಸವಾರರಿಗಾಗಿ ಒಂದು ಪತ್ರಿಕೆಯನ್ನು ಹೊರಡಿಸಿದನು; ಮುಂದೆ ಅದು ಲ ಸಿಕ್ಲಿಸ್ತ್ ಎಂದು ಪ್ರಸಿದ್ಧವಾಯಿತು. ತನ್ನದೇ ಗೊಲ್ವಾಜ್ ಎಂಬ ಬೈಸಿಕಲ್ಲನ್ನೂ ತಯಾರಿಸಿದನು. ಪತ್ರಿಕೆಯನ್ನು ನಡೆಸುವುದು ಅವನಿಗೆ ಸಾಯುವವರೆಗಿನ ವ್ರತವಾಯಿತು.

ಒಂದು ದಿನ ರೆಪ್ಯುಬ್ಲಿಕ್ ಘಟ್ಟವನ್ನು ಕಷ್ಟದಿಂದ ಹತ್ತುತ್ತಿದ್ದಾಗ, ಅವನ ಪತ್ರಿಕೆಯ ಓದುಗನೇ ಆದ ಒಬ್ಬ ಸವಾರ ಬಾಯಲ್ಲಿ ಚುಂಗಾಣಿ ಕಚ್ಚಿಕೊಂಡು ಅವನನ್ನು ಹಿಂದೆ ಹಾಕಿ ಹೋದನೆಂದು ಒಂದು ಕಥೆಯಿದೆ. ಸಂಪಾದಕನಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಬೇಕೆ! ವೆಲೋಸಿಯೊ ರೇಗಿದನು, ಆದರೆ ರೇಗಿದವನು ಲೆಕ್ಕ ಹಾಕಿದನು. ಆಗಿನ ಬೈಸಿಕಲ್ಲಿಗೆ ಒಂದೇ ವೇಗ. ತುಳಿತವೊಂದಕ್ಕೆ ಹೆಚ್ಚು ದೂರ ಸಾಗುವಂತೆ ಹಲ್ಲುಗಳನ್ನು ಜೋಡಿಸಿದರೆ ಬಯಲಿನಲ್ಲಿ ಸುಖ, ಏರಿನಲ್ಲಿ ಮರಣ; ಕಡಿಮೆ ಮಾಡಿದರೆ ಏರು ಹಗುರ, ಬಯಲಿನಲ್ಲಿ ಕಾಲು ವ್ಯರ್ಥವಾಗಿ ತಿರುಗುತ್ತದೆ. ಎರಡೂ ಒಂದೇ ಗಾಡಿಯಲ್ಲಿ ಏಕಿರಬಾರದು? ಅವನು ಒಂದಕ್ಕೆ ಎರಡು ಹಲ್ಲುಗಾಲಿಗಳನ್ನಿಟ್ಟು, ಏರು ಬಂದಾಗ ಕೆಳಗಿಳಿದು ಸರಪಳಿಯನ್ನು ಕೈಯಿಂದಲೇ ಎತ್ತಿ ಚಿಕ್ಕದರ ಮೇಲೆ ಹಾಕುತ್ತಿದ್ದನು. ಬೆರಳೆಲ್ಲ ಮಸಿಯಾಗುವ ಈ ಉಪಾಯದಿಂದ ಮೊದಲಾಗಿ, ಅವನೂ ಆ ಊರಿನ ಕುಶಲ ಕೆಲಸಗಾರರೂ ವರ್ಷಗಟ್ಟಲೆ ಪ್ರಯೋಗ ನಡೆಸಿ ವೇಗ ಬದಲಿಸುವ ಯಂತ್ರಕ್ಕೆ ದಾರಿ ಮಾಡಿದರು.

ಇದಕ್ಕೆ ದೊರೆತ ಸ್ವಾಗತ ವಿಚಿತ್ರವಾದುದು. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಪಿರನೀಸ್ ಪರ್ವತದ ತೂರ್ಮಲೆ ಘಟ್ಟದಲ್ಲಿ ಪ್ರವಾಸಿ ಬೈಸಿಕಲ್ಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಹಲವು ವೇಗಗಳ ಗಾಡಿಗಳು ಅಲ್ಲಿ ತಮ್ಮ ಯೋಗ್ಯತೆಯನ್ನು ತೋರಿಸಿದವು. ಆದರೆ ಲೋತೊ ಪತ್ರಿಕೆಯ ಸಂಪಾದಕನೂ, ಮರುವರ್ಷವೇ ಟೂರ್ ದ ಫ್ರಾನ್ಸ್ ಪಂದ್ಯವನ್ನು ಆರಂಭಿಸಿದವನೂ ಆದ ಆಂರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಯಂತ್ರದ ನೆರವಿಲ್ಲದೆ ಸ್ನಾಯುಬಲದಿಂದ ಗೆಲ್ಲುವುದೇ ಗಂಡಸುತನ, ಇಂಥ ಉಪಕರಣವೆಲ್ಲ ನಲವತ್ತೈದು ದಾಟಿದವರಿಗೆ ಎಂಬುದು ಅವನ ತೀರ್ಪಾಗಿತ್ತು. ಆಗ ವೆಲೋಸಿಯೊಗೆ ನಲವತ್ತೊಂಬತ್ತು; ಲೆಕ್ಕದ ಪ್ರಕಾರ ಆ ವಿನಾಯಿತಿ ಅವನಿಗೆ ಸಲ್ಲುತ್ತಿತ್ತು! ಇಲ್ಲಿದ್ದದ್ದು ಬರಿಯ ಹಲ್ಲುಗಾಲಿಯ ಜಗಳವಲ್ಲವೆಂದು ನನಗೆ ತೋರುತ್ತದೆ. ದೆಗ್ರಾಂಜನಿಗೆ ರಸ್ತೆಯೆಂಬುದು ಮನುಷ್ಯನನ್ನು ಒರೆಗೆ ಹಚ್ಚುವ ಕಲ್ಲು. ವೆಲೋಸಿಯೊಗೆ ಅದು ನೋಡಿ ಮುಗಿಯದ ಲೋಕ. ದಣಿದು ಕುರುಡಾದವನು ನೋಡುವುದೇನನ್ನು?

ಈಸ್ಟರ್ ಹಬ್ಬದ ಸಮಯದಲ್ಲಿ ಅವನು ಗೆಳೆಯರೊಡನೆ ಕೈಗೊಳ್ಳುತ್ತಿದ್ದ ಪ್ರೊವಾನ್ಸ್ ಯಾತ್ರೆಯ ಒಂದು ದಿನವನ್ನು ನೆನೆದರೆ ಅವನ ಪಕ್ಷ ತಾನಾಗಿ ಅರ್ಥವಾಗುತ್ತದೆ. ಹೊರಡುವುದು ರಾತ್ರಿಯಲ್ಲಿ. ಚಳಿಯ ಘಟ್ಟವನ್ನು ಕತ್ತಲಲ್ಲೇ ಹತ್ತಿ, ಬೂರ್ಗ್ ಅರ್ಜಾಂತಾಲ್ ಊರಿನ ಮೇಲೆ ಇಳಿದು ರೋನ್ ಕಣಿವೆಯನ್ನು ಸೇರುವುದು. ಮುಂದೆ ನದಿಯ ಜೊತೆಜೊತೆಗೆ ವಾಲಾನ್ಸ್, ಮೋಂತೆಲಿಮಾರ್. ಉತ್ತರದಿಂದ ಬೀಸುವ ಮಿಸ್ತ್ರಾಲ್ ಗಾಳಿ ಬೆನ್ನಿಗಿದ್ದರೆ ದಾರಿಯೇ ಓಡುತ್ತದೆ. ಹಿಂದಿರುಗುವಾಗ ಅದೇ ಗಾಳಿ ಸಾಲ ವಸೂಲಿಗೆ ಬರುತ್ತದೆ. ದೊಂಜೇರ್ ಎಂಬಲ್ಲಿ ಬಂಡೆಗಳ ನಡುವೆ ನದಿ ಇಕ್ಕಟ್ಟಾಗಿ ಹರಿಯುತ್ತದೆ. ಪ್ರೊವಾನ್ಸಿನ ಹೆಬ್ಬಾಗಿಲೆಂದು ಅದಕ್ಕೆ ಹೆಸರು. ಅಲ್ಲಿಂದಾಚೆಗೆ ಬೆಳಕೇ ಬೇರೆ, ಮರಗಳೇ ಬೇರೆ: ಓಲಿವ್, ಗಾಳಿಯನ್ನು ತಡೆಯಲು ಸಾಲಾಗಿ ನೆಟ್ಟ ಸೈಪ್ರೆಸ್. ಎಡಗಡೆ ಮೋಂ ವಾಂತೂ ಬೆಟ್ಟದ ಬೋಳು ನೆತ್ತಿ. ಸೂರ್ಯೋದಯವನ್ನು ನೋಡುವುದಕ್ಕಾಗಿ ಅದನ್ನೂ ಅವನು ರಾತ್ರಿಯೆಲ್ಲ ತುಳಿದು ಹತ್ತಿದವನೇ. ಒರಾಂಜ್, ಅವಿನ್ಯೋಂ ದಾಟಿ ಆರ್ಲ್ ಪಟ್ಟಣವನ್ನು ಮುಟ್ಟುವ ಹೊತ್ತಿಗೆ ಸುಮಾರು 250 ಕಿಲೋಮೀಟರು. ಕಡಲು ಇನ್ನೂ 40 ಕಿಲೋಮೀಟರು ಆಚೆ. ಅರಣ್ಯ, ಕಣಿವೆ, ಬಯಲು, ಕಡಲತೀರ, ಇಷ್ಟನ್ನೂ ಒಂದು ಹಗಲಿರುಳಿನೊಳಗೆ ತನ್ನ ಕಾಲಿನಿಂದಲೇ ಸಂಪಾದಿಸಿಕೊಳ್ಳಲು ಸಾಧಾರಣ ಮನುಷ್ಯನಿಗೂ ಸಾಧ್ಯವೆಂಬುದು ಅವನ ವಾದ.

ಆ ಸಾಧಾರಣ ಮನುಷ್ಯನಿಗಾಗಿಯೇ ಅವನು ಏಳು ನಿಯಮಗಳನ್ನು ಬರೆದನು. ಹಸಿವೆಯಾಗುವ ಮುನ್ನ ಉಣ್ಣು, ಬಾಯಾರುವ ಮುನ್ನ ಕುಡಿ ಎಂಬ ಅರ್ಥದ ಮಾತು ಇಂದಿಗೂ ಸವಾರರ ನಾಲಗೆಯ ಮೇಲಿದೆ. ನಿಲುಗಡೆ ಮಿತವಾಗಿರಬೇಕು, ಊಟ ನಿದ್ರೆಗಳು ಸೇರದಷ್ಟು ದಣಿಯಬಾರದು, ಚಳಿಯಾಗುವ ಮೊದಲೇ ಹೊದೆಯಬೇಕು, ದಾರಿಯಲ್ಲಾದರೂ ಮದ್ಯ, ಮಾಂಸ, ಹೊಗೆಸೊಪ್ಪು ಬೇಡ. ಸ್ವತಃ ಅವನು ಶಾಕಾಹಾರಿ. ಎಲ್ಲಕ್ಕೂ ಕೊನೆಯದಾಗಿ, ಬರಿಯ ಜಂಬಕ್ಕಾಗಿ ಎಂದೂ ತುಳಿಯಬಾರದೆಂದು ವಿಧಿಸಿದನು. ಚುಂಗಾಣಿಯವನ ಮೇಲೆ ಒಮ್ಮೆ ರೇಗಿದವನು ಈ ನಿಯಮದ ಬೆಲೆಯನ್ನು ಬಲ್ಲವನಾಗಿದ್ದನು.

ವ್ಯಾಪಾರದಿಂದ ಅವನು ದೊಡ್ಡ ಧನಿಕನಾಗಲಿಲ್ಲ. ಎಸ್ಪೆರಾಂಟೊ ಭಾಷೆಯನ್ನು ಕಲಿತನು. ಬೆಳಗಿನಲ್ಲಿ ಪ್ರಾಚೀನರ ಗ್ರಂಥಗಳನ್ನು ಓದುತ್ತಿದ್ದನು. 1930ರ ಫೆಬ್ರವರಿ 27ರ ಬೆಳಿಗ್ಗೆಯೂ ಸೆನೆಕನ ಪತ್ರವೊಂದನ್ನು ಓದಿಯೇ ಮನೆಯಿಂದ ಹೊರಟನೆಂದು ಹೇಳುವರು. ರಸ್ತೆಯಲ್ಲಿ ಬೈಸಿಕಲ್ಲನ್ನು ತಳ್ಳಿಕೊಂಡು ನಡೆಯುತ್ತಿದ್ದಾಗ, ಎದುರಿಗೆ ಬಂದ ವಾಹನದಿಂದ ತಪ್ಪಿಸಿಕೊಳ್ಳಲು ಹಿಂದೆ ಸರಿದು ಟ್ರಾಮ್ ಗಾಡಿಗೆ ಸಿಕ್ಕಿದನು. ಆಗ ಅವನಿಗೆ ಎಪ್ಪತ್ತಾರು ವರ್ಷ.

ವೇಗ ಬದಲಿಸುವ ಯಂತ್ರಕ್ಕೆ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ರೆಪ್ಯುಬ್ಲಿಕ್ ಘಟ್ಟದ ಮೇಲೆ ಅವನ ಸ್ಮಾರಕವಿದೆ. 1947ರಿಂದ ಅವನ ಹೆಸರಿನ ಈಸ್ಟರ್ ಯಾತ್ರೆಯೊಂದು ನಡೆದು ಬಂದಿದೆ. ಸವಾರರು ಸಣ್ಣ ತಂಡಗಳಾಗಿ ಬೇರೆಬೇರೆ ಊರುಗಳಿಂದ ಹೊರಟು, ಇಪ್ಪತ್ತನಾಲ್ಕು ಗಂಟೆ ತುಳಿದು, ಕಡಿಮೆಯೆಂದರೆ 360 ಕಿಲೋಮೀಟರು ಕ್ರಮಿಸಿ, ಪ್ರೊವಾನ್ಸಿನಲ್ಲಿ ಒಂದುಗೂಡುತ್ತಾರೆ. ನಡುವೆ ಎಲ್ಲಿಯೂ ಎರಡು ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ.