ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಪ್ರತಿವರ್ಷವೂ ಜೂನ್ 21ರಂದು ನಮ್ಮ ಶಾಲೆಯ ಅಂಗಳದಲ್ಲಿ ಯೋಗದಿನವನ್ನು ಆಚರಿಸುವುದು ನಮಗೆಲ್ಲರಿಗೂ ತಿಳಿದ ಸಂಗತಿ. ಐದನೆಯ ತರಗತಿಯ ಪುಟ್ಟ ಬಾಲಕನೂ ಹತ್ತನೆಯ ತರಗತಿಯ ನೀಳಕಾಯದ ಹುಡುಗನೂ ಅಂದು ಒಂದೇ ಸೀಟಿಗೆ ಕೈಯೆತ್ತುತ್ತಾರೆ, ಒಂದೇ ಸೀಟಿಗೆ ಬಾಗುತ್ತಾರೆ. ಬಾಗಲಾರದವರು ಅಕ್ಕಪಕ್ಕದವರನ್ನು ನೋಡಿ ನಗುತ್ತಾರೆ. ನಮ್ಮಲ್ಲಿ ಕೆಲವರು ಮುಂದೆ ಯೋಗಶಿಕ್ಷಕರೇ ಆಗಬಹುದು. ಹಾಗೆ ಆದವರು ತಾವು ಕಲಿತುದನ್ನು ಕಲಿತಂತೆಯೇ ಒಪ್ಪಿಸಬೇಕೇ, ಅಥವಾ ತಮ್ಮದೇ ಆದ ಒಂದು ಕ್ರಮವನ್ನು ಕಂಡುಕೊಳ್ಳಬಹುದೇ? ಕಂಡುಕೊಂಡರೆ ಅದು ಗುರುವಿಗೆ ಬಗೆದ ದ್ರೋಹವಾಗುವುದೇ? ಈ ಸಂದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು, ಕನ್ನಡನಾಡಿನಲ್ಲಿ ಹುಟ್ಟಿ ನೂರು ವರ್ಷ ಬಾಳಿದ ಒಬ್ಬ ಆಚಾರ್ಯರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸುತ್ತೇವೆ.

ತಿರುಮಲೈ ಕೃಷ್ಣಮಾಚಾರ್ಯರು 1888ನೆಯ ಇಸವಿ ನವೆಂಬರ್ 18ರಂದು ಚಿತ್ರದುರ್ಗ ಸೀಮೆಯ ಮುಚುಕುಂದಪುರವೆಂಬ ಹಳ್ಳಿಯಲ್ಲಿ ಜನಿಸಿದರು. ಅವರ ತಂದೆ ಶ್ರೀನಿವಾಸ ತಾತಾಚಾರ್ಯರು ವೇದವಿದ್ವಾಂಸರು. ಮಗನಿಗೆ ಮೊದಲ ಪಾಠವನ್ನೂ ಮೊದಲ ಆಸನಗಳನ್ನೂ ಹೇಳಿಕೊಟ್ಟವರು ಅವರೇ. ಆದರೆ ಬಾಲಕನಿಗೆ ಹತ್ತು ವರ್ಷವಾಗುವ ಹೊತ್ತಿಗೆ ತಂದೆಯು ತೀರಿಕೊಂಡರು. ಕುಟುಂಬವು ಮೈಸೂರಿಗೆ ಬಂದಿತು. ಅಲ್ಲಿಯ ಪರಕಾಲ ಮಠದ ಆಶ್ರಯದಲ್ಲಿ ವಿದ್ಯಾಭ್ಯಾಸವು ಮುಂದುವರಿಯಿತು, ಅನಂತರ ಕಾಶಿ. ವ್ಯಾಕರಣ, ನ್ಯಾಯ, ಮೀಮಾಂಸೆ, ವೇದಾಂತ ಇವೆಲ್ಲವನ್ನೂ ಅವರು ಕ್ರಮವಾಗಿ ಓದಿದರು.

ಇಷ್ಟು ಓದಿದವರು ಯೋಗವನ್ನು ಅರಸಿಕೊಂಡು ಹಿಮಾಲಯದಾಚೆಗೆ ಹೋದರು. ಮಾನಸಸರೋವರದ ಪ್ರಾಂತದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳ ಬಳಿ ಏಳೂವರೆ ವರ್ಷಗಳ ಕಾಲ ಕಲಿತುದಾಗಿ ಅವರೇ ತಮ್ಮ ಮನೆಯವರಿಗೂ ಶಿಷ್ಯರಿಗೂ ಹೇಳಿದ್ದರು. ಬ್ರಹ್ಮಚಾರಿಗಳೆಂಬ ಹೆಸರಿದ್ದರೂ ಆ ಗುರುಗಳು ಹೆಂಡತಿ ಮಕ್ಕಳೊಡನೆ ಬಾಳಿದವರಂತೆ. ಅವರು ಗುರುದಕ್ಷಿಣೆಯಾಗಿ ಕೇಳಿದುದು ಹೊನ್ನನ್ನಲ್ಲ. ಊರಿಗೆ ಮರಳಿ ಗೃಹಸ್ಥನಾಗಿ ಯೋಗವನ್ನು ಜನರಿಗೆ ಕಲಿಸಬೇಕೆಂಬ ಮಾತನ್ನು. ಕೇಳಲು ಸುಲಭವಾಗಿ ಕಾಣುವ ಈ ದಕ್ಷಿಣೆಯನ್ನು ತೀರಿಸುವುದರಲ್ಲಿಯೇ ಶಿಷ್ಯನ ಇಡೀ ಆಯುಷ್ಯವು ಕಳೆಯಿತು.

ಏಕೆಂದರೆ ಆ ಕಾಲದಲ್ಲಿ ಯೋಗ ಕಲಿಯಬೇಕೆಂದು ಹಣ ಕೊಟ್ಟು ಬರುವವರು ಎಲ್ಲಿದ್ದರು? 1925ರಲ್ಲಿ ನಾಮಗಿರಿಯಮ್ಮನವರನ್ನು ವಿವಾಹವಾದ ಮೇಲೆ ಸಂಸಾರವು ಬಹು ಕಷ್ಟದಲ್ಲಿ ನಡೆಯಿತು. ಷಡ್ದರ್ಶನಗಳನ್ನು ಬಲ್ಲ ಪಂಡಿತರು ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಆಳುಗಳ ಮೇಲ್ವಿಚಾರಣೆಗೆ ನಿಂತರು. ಬಿಡುವಿದ್ದಾಗ ಊರೂರಿಗೆ ಹೋಗಿ ಉಪನ್ಯಾಸ ಮಾಡುವರು, ಕಠಿಣವಾದ ಆಸನಗಳನ್ನು ಸಭೆಯಲ್ಲಿ ಹಾಕಿ ತೋರಿಸುವರು. 1927ರಲ್ಲಿ ಹಾಸನದಲ್ಲಿ ನಡೆದ ಇಂತಹದೊಂದು ಪ್ರದರ್ಶನವನ್ನು ಹತ್ತಿರದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬನು ಕಣ್ಣರಳಿಸಿ ನೋಡಿದನು. ಮರುದಿನವೇ ಹೋಗಿ ಶಿಷ್ಯನಾದನು. ಆ ಹುಡುಗನೇ ಮುಂದೆ ಹೆಸರಾದ ಪಟ್ಟಾಭಿ ಜೋಯಿಸರು.

ಕೊನೆಗೆ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಕೃಪೆಯು ದೊರೆಯಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯು ಆರಂಭವಾಯಿತು. ಆಗ ಆಚಾರ್ಯರಿಗೆ ನಲವತ್ತೈದರ ಸಮೀಪ. ಶಿಷ್ಯರೆಂದರೆ ಹೆಚ್ಚಾಗಿ ಚಿಗುರುಪ್ರಾಯದ ಹುಡುಗರು. ಒಂದು ಗಳಿಗೆ ಸುಮ್ಮನೆ ಕೂರಲಾರದವರು. ಅಂಥವರಿಗೆ ತಕ್ಕಂತೆ ಪಾಠವೂ ಬಿರುಸಾಗಿತ್ತು. ಒಂದು ಆಸನದಿಂದ ಮತ್ತೊಂದಕ್ಕೆ ನೆಗೆಯುತ್ತ, ಪ್ರತಿಯೊಂದು ಚಲನೆಗೂ ಉಸಿರನ್ನು ಎಣಿಸಿ ಕೂಡಿಸುತ್ತ ಸಾಗುವ ಕ್ರಮವದು. ಇದನ್ನೆಲ್ಲ ಗುರುಗಳಿಂದಲೂ ಹಳೆಯ ಗ್ರಂಥಗಳಿಂದಲೂ ಪಡೆದೆನೆಂದು ಅವರು ಹೇಳುತ್ತಿದ್ದರು; ತಾನೇ ಕಟ್ಟಿದೆನೆಂದು ಹೇಳಿಕೊಂಡವರಲ್ಲ. ಆದರೆ ಅವರು ಹೆಸರಿಸಿದ ಯೋಗಕುರುಂಟವೆಂಬ ಗ್ರಂಥದ ಪ್ರತಿಯು ಇಂದಿಗೂ ವಿದ್ವಾಂಸರ ಕೈಗೆ ಸಿಕ್ಕಿಲ್ಲ. ಅರಮನೆಯಲ್ಲಿದ್ದ ಗರಡಿಯ ವ್ಯಾಯಾಮಗಳೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯ ಆಸನಚಿತ್ರಗಳೂ ಈ ಪಾಠದಲ್ಲಿ ಸೇರಿರಬೇಕೆಂದು ಇಂದಿನ ಸಂಶೋಧಕರು ಊಹಿಸುತ್ತಾರೆ. ಕಣ್ಣಮುಂದಿದ್ದ ಹುಡುಗರ ಮೈಕಟ್ಟು ನೋಡಿ ಆಚಾರ್ಯರು ತಮ್ಮ ಕ್ರಮವನ್ನು ರೂಪಿಸಿದರೆಂದು ನಮಗೆ ತೋರುತ್ತದೆ. 1934ರಲ್ಲಿ ಅವರು ಕನ್ನಡದಲ್ಲಿಯೇ ಬರೆದ ಯೋಗ ಮಕರಂದವು ಈ ಕಾಲದ್ದು. 1941ರ ಯೋಗಾಸನಗಳು ಎಂಬ ಪುಸ್ತಕವೂ ಕನ್ನಡದ್ದೇ.

ಅವರ ಗುಣಗಳೊಡನೆ ದೋಷವನ್ನೂ ಹೇಳದಿದ್ದರೆ ಚರಿತ್ರೆಯು ಪೂರ್ಣವಾಗದು. ಮೈಸೂರಿನ ದಿನಗಳಲ್ಲಿ ಅವರದು ಉಗ್ರ ಸ್ವಭಾವ. ದೂರದಲ್ಲಿ ಅವರು ಬರುವುದನ್ನು ಕಂಡರೆ ಶಿಷ್ಯರು ಬೀದಿಯ ಆ ಬದಿಗೆ ಸರಿದುಬಿಡುತ್ತಿದ್ದರಂತೆ. ಈ ಉಗ್ರತೆಯನ್ನು ಹೆಚ್ಚಾಗಿ ಉಂಡವರು ಅವರ ಪತ್ನಿಯ ತಮ್ಮ, ಕೋಲಾರ ಸೀಮೆಯ ಬೆಳ್ಳೂರಿನ ಸುಂದರರಾಜ. ನಮ್ಮ ಪುಣೆಯವರೆಲ್ಲರೂ ಬಲ್ಲ ಬಿ. ಕೆ. ಎಸ್. ಅಯ್ಯಂಗಾರರು ಇವರೇ. ಮಲೇರಿಯ, ವಿಷಮಶೀತಜ್ವರ, ಕ್ಷಯ ಇವುಗಳಿಂದ ಬಡವಾದ ಮೈಯನ್ನು ಹೊತ್ತು 1934ರಲ್ಲಿ ಮೈಸೂರಿಗೆ ಬಂದ ಆ ಹುಡುಗನು ಯೋಗಕ್ಕೆ ಬಾರನೆಂದೇ ಆಚಾರ್ಯರು ಮೊದಲು ಎಣಿಸಿದ್ದರು. ಮೆಚ್ಚಿನ ಶಿಷ್ಯನೊಬ್ಬನು ಹೇಳದೆ ಕೇಳದೆ ಹೊರಟುಹೋದಾಗ, ಹತ್ತಿರ ಬಂದಿದ್ದ ಪ್ರದರ್ಶನಕ್ಕೆ ಬೇರೆ ದಾರಿಯಿಲ್ಲದೆ ಇವನಿಗೆ ಕಲಿಸಿದರು.

1936ರಲ್ಲಿ ಆಚಾರ್ಯರು ಶಿಷ್ಯರೊಡನೆ ಧಾರವಾಡ, ಬೆಳಗಾವಿಗಳ ಕಡೆಗೆ ಪ್ರವಾಸ ಹೋದರು. ಧಾರವಾಡದಲ್ಲಿ ಕೆಲವು ಮಹಿಳೆಯರು ತಮಗೂ ಯೋಗ ಕಲಿಸಬೇಕೆಂದು ಅಪೇಕ್ಷಿಸಿದರು. ಎಲ್ಲರಿಗಿಂತ ಕಿರಿಯನೆಂಬ ಕಾರಣದಿಂದ ಆ ಕೆಲಸವು ಸುಂದರರಾಜನ ಪಾಲಿಗೆ ಬಂದಿತು. ಬೆಳಗಾವಿಯಲ್ಲಿ ಸರ್ಜನರಾಗಿದ್ದ ಡಾಕ್ಟರ್ ಗೋಖಲೆಯವರು ಈ ಯೋಗವನ್ನು ಕಂಡು ಮೆಚ್ಚಿದ್ದರು. ಅವರ ಪ್ರಯತ್ನದಿಂದ 1937ರಲ್ಲಿ ಪುಣೆಯಿಂದ ಶಿಕ್ಷಕನೊಬ್ಬನಿಗೆ ಕರೆ ಬಂದಿತು. ಅವಧಿ ಆರು ತಿಂಗಳು ಮಾತ್ರ. ಹದಿನೆಂಟರ ಸುಂದರರಾಜ ಹೊರಟುಬಂದನು. ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಶಿಷ್ಯರಾಗಿ ಬಂದ ಕಾಲೇಜಿನ ತರುಣರು ತನಗಿಂತ ಗಟ್ಟಿಮುಟ್ಟಾದವರು. ಪರಸ್ಥಳದಲ್ಲಿ ಭಾಷೆ ಬಾರದೆ ನಿಲ್ಲುವ ಕಷ್ಟವನ್ನು ನಮ್ಮಲ್ಲಿ ಅನೇಕರ ತಾತಂದಿರೂ ಅನುಭವಿಸಿದ್ದಾರೆ. ಕೇಳಲು ಗುರು ಹತ್ತಿರವಿಲ್ಲ. ಆದುದರಿಂದ ಅವರು ತಮ್ಮ ದೇಹವನ್ನೇ ಪಾಠಶಾಲೆಯಾಗಿ ಮಾಡಿಕೊಂಡರು. ಪಾದವು ಎತ್ತ ತಿರುಗಿದರೆ ಮೊಣಕಾಲು ನೋಯುವುದು, ಹೆಗಲು ಎಷ್ಟು ಬಿಚ್ಚಿದರೆ ಎದೆ ತೆರೆಯುವುದು ಎಂಬುದನ್ನು ತಾಸುಗಟ್ಟಲೆ ತಮ್ಮ ಮೇಲೆಯೇ ಪರೀಕ್ಷಿಸಿ ನೋಡಿದರು. ಕೈ ನೆಲಕ್ಕೆ ಮುಟ್ಟದವನಿಗೆ ಇಟ್ಟಿಗೆ, ಬೆನ್ನು ಬಗ್ಗದವನಿಗೆ ಕುರ್ಚಿ, ಹಗ್ಗ, ಕಂಬಳಿ ಹೀಗೆ ಸಾಧನಗಳು ಒಂದೊಂದಾಗಿ ಸೇರಿದವು. ಆರು ತಿಂಗಳಿಗೆಂದು ಬಂದವರು 2014ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯೇ ಇದ್ದರು.

ಪಟ್ಟಾಭಿ ಜೋಯಿಸರಾದರೋ ಮೈಸೂರನ್ನು ಬಿಡಲಿಲ್ಲ. ಹುಡುಗನಾಗಿ ಕಲಿತ ನೆಗೆತ ಹಾಗೂ ಉಸಿರೆಣಿಕೆಯ ಕ್ರಮವನ್ನೇ ಬಿಗಿಯಾಗಿ ಹಿಡಿದು ಬೆಳೆಸಿದರು. ರಷ್ಯನ್ ಮನೆತನದ ಇಂದ್ರಾದೇವಿಯವರು ಕಲಿಯಬಂದಾಗ ಆಚಾರ್ಯರು ಮೊದಲು ಒಪ್ಪಲೇ ಇಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು ಸೇರಿಸಿಕೊಂಡರು, ಕಠಿಣ ಪಥ್ಯವನ್ನು ವಿಧಿಸಿದರು. ಆಕೆಯು ಎಲ್ಲವನ್ನೂ ಸಹಿಸಿ ನಡೆಸಿದ ಮೇಲೆ ತಾವಾಗಿಯೇ ಆಕೆಗೆ ಕಲಿಸುವ ಅಪ್ಪಣೆ ಕೊಟ್ಟರು. ಆಕೆ ಮುಂದೆ ಹಾಲಿವುಡ್ಡಿನಲ್ಲಿ ತೆರೆದ ಶಾಲೆಯಲ್ಲಿ ಯೋಗವು ಮೃದುವಾದ ರೂಪವನ್ನು ತಾಳಿತು. ಒಂದೇ ಮನೆಯಲ್ಲಿ ಕಲಿತ ಈ ಮೂವರ ಪಾಠಗಳು ಒಂದರಂತೆ ಮತ್ತೊಂದಿರಲಿಲ್ಲ. ಇವರಲ್ಲಿ ನಿಜವಾದ ಶಿಷ್ಯರು ಯಾರೆಂದು ವಾದಿಸುವವರು ಈಗಲೂ ಇದ್ದಾರೆ. ನಾವು ಆ ವಾದಕ್ಕೆ ಹೋಗುವುದಿಲ್ಲ.

ಇತ್ತ ಆಚಾರ್ಯರ ದೆಸೆಯು ತಿರುಗಿತು. 1940ರಲ್ಲಿ ಮಹಾರಾಜರು ಸ್ವರ್ಗಸ್ಥರಾದರು. ಸ್ವಾತಂತ್ರ್ಯಾನಂತರ ಅರಮನೆಯ ಆಶ್ರಯವು ತಪ್ಪಿತು. 1950ರಲ್ಲಿ ಯೋಗಶಾಲೆಯು ಮುಚ್ಚಿಹೋಯಿತು. ಅರುವತ್ತು ದಾಟಿದ ವಯಸ್ಸಿನಲ್ಲಿ ದೊಡ್ಡ ಸಂಸಾರವನ್ನು ಕಟ್ಟಿಕೊಂಡು ಅವರು ಮತ್ತೆ ಹೊಸದಾಗಿ ಬದುಕನ್ನು ಹುಡುಕಬೇಕಾಯಿತು. 1952ರಲ್ಲಿ, ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಖ್ಯಾತ ನ್ಯಾಯವಾದಿಯೊಬ್ಬರ ಶುಶ್ರೂಷೆಗೆಂದು ಮದರಾಸಿಗೆ ಬಂದರು. ಮದರಾಸಿನಲ್ಲಿ ಅವರ ಬಳಿಗೆ ಬಂದವರು ನೆಗೆಯುವ ಹುಡುಗರಲ್ಲ. ರೋಗಿಗಳು, ವೃದ್ಧರು, ಗೃಹಿಣಿಯರು, ಕಛೇರಿಯಲ್ಲಿ ಕುಳಿತು ಬೆನ್ನು ನೋಯಿಸಿಕೊಂಡವರು. ಮೈಸೂರಿನ ಪಾಠವನ್ನು ಇವರ ಮೇಲೆ ಹೇರಿದ್ದರೆ ಒಬ್ಬರೂ ಮರುದಿನ ಬರುತ್ತಿರಲಿಲ್ಲ. ಸೀಟಿ ಊದಿ ಸಾಲಾಗಿ ನಿಲ್ಲಿಸುವ ಬದಲು ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ನಾಡಿ ಹಿಡಿದು ನೋಡಿದರು, ಉಸಿರಾಟವನ್ನು ಗಮನಿಸಿದರು, ಊಟ ನಿದ್ರೆಗಳನ್ನು ವಿಚಾರಿಸಿದರು. ಅನಂತರ ಅವರವರಿಗೆ ತಕ್ಕ ನಾಲ್ಕಾರು ಚಲನೆಗಳನ್ನು ಮಾತ್ರ ಹೇಳಿಕೊಟ್ಟರು. ವಯಸ್ಸು ಏರಿದಂತೆ ಆ ಉಗ್ರತೆಯೂ ಇಳಿಯಿತು. ಅರುವತ್ತನಾಲ್ಕರ ವೃದ್ಧರು ಹೀಗೆ ಎರಡನೆಯ ಸಾರಿ ಹೊಸ ಶಿಕ್ಷಕರಾದುದು ಅವರ ಜೀವನದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ.

1960ರ ದಶಕದ ಆರಂಭದಲ್ಲಿ ಅವರ ಮಗ ದೇಶಿಕಾಚಾರ್ಯರು ಎಂಜಿನಿಯರಿಂಗ್ ಮುಗಿಸಿ ಮನೆಗೆ ಬಂದಿದ್ದರು. ಒಂದು ದಿನ ಬಾಗಿಲಲ್ಲಿ ಕಾರೊಂದು ನಿಂತಿತು. ಅದರಿಂದಿಳಿದ ವಿದೇಶೀ ಮಹಿಳೆಯೊಬ್ಬರು ಓಡಿಬಂದು ಆಚಾರ್ಯರನ್ನು ಅಪ್ಪಿಕೊಂಡರು. ನಾಮ ಧರಿಸಿದ ಸಂಪ್ರದಾಯಸ್ಥ ತಂದೆಯನ್ನು ಹೀಗೆ ಕಂಡ ಮಗನು ಬೆರಗಾಗಿ ವಿಚಾರಿಸಲು, ಎಷ್ಟೋ ವರ್ಷಗಳ ಮೇಲೆ ಹಿಂದಿನ ರಾತ್ರಿ ಮಾತ್ರೆಯಿಲ್ಲದೆ ಆಕೆಗೆ ನಿದ್ರೆ ಬಂದಿತ್ತೆಂದು ತಿಳಿಯಿತು. ಮಗನು ಉದ್ಯೋಗದ ಯೋಚನೆಯನ್ನು ಬಿಟ್ಟು ತಂದೆಗೆ ಶಿಷ್ಯನಾದನು. ತಂದೆಯು ಅವನನ್ನೂ ಸುಲಭವಾಗಿ ಸ್ವೀಕರಿಸದೆ, ಬೆಳಗಿನ ಜಾವದಲ್ಲೆಬ್ಬಿಸಿ ಪರೀಕ್ಷಿಸಿದರು. 1976ರಲ್ಲಿ ಆ ಮಗನು ತಂದೆಯ ಹೆಸರಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರವನ್ನು ಮದರಾಸಿನಲ್ಲಿ ಸ್ಥಾಪಿಸಿದನು.

ತೊಂಬತ್ತಾರನೆಯ ವಯಸ್ಸಿನಲ್ಲಿ ಆಚಾರ್ಯರು ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಒಪ್ಪದೆ, ಮಲಗಿದಲ್ಲಿಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗೆ ತಾವೇ ಹೊಂದಿಸಿಕೊಂಡರು. 1989ನೆಯ ಇಸವಿ ಫೆಬ್ರವರಿ 28ರಂದು ಮದರಾಸಿನಲ್ಲಿ ಅವರು ದೈವಾಧೀನರಾದರು.

ಅವರ ಯೋಗ ಮಕರಂದವು ತಮಿಳಿಗೂ ಇಂಗ್ಲಿಷಿಗೂ ಅನುವಾದವಾಗಿದೆ. ಕನ್ನಡದ ಮೂಲಪ್ರತಿಯು ನಮ್ಮ ಶಾಲೆಯ ಪುಸ್ತಕಾಲಯದ ಬೀರುವಿನಲ್ಲಿ ಇಲ್ಲ. ಅದನ್ನು ಈ ವರ್ಷ ಹೇಗಾದರೂ ಹುಡುಕಿ ತರಿಸಬೇಕೆಂದು ಮುಖ್ಯೋಪಾಧ್ಯಾಯರನ್ನು ನಾವು ಬೇಡಿಕೊಂಡಿದ್ದೇವೆ.